ಯಾರೂ ಒತ್ತದ ಬ್ರೇಕು

ನಾನೊಂದು ಪಿಕಪ್ ಗಾಡಿ. ಬಣ್ಣ ಬಿಳಿ, ಅಂದರೆ ಒಂದು ಕಾಲಕ್ಕೆ ಬಿಳಿ. ದೊಡ್ಡ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮೈ ಕೂಡಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಬುದ್ಧಿ ಬರಲು ಮಾತ್ರ ವರ್ಷಗಳೇ ಹಿಡಿದವು. ನನ್ನ ಪಕ್ಕದ ಸಾಲಿನ ಹಳೇ ಮಾದರಿಯ ಗಾಡಿಗಳಿಗೆ ಎಂಜಿನ್ನು, ಚಕ್ರ, ಸ್ಟೇರಿಂಗು, ಇಷ್ಟೇ. ನನಗೆ ಮೇಲಾಗಿ ಎರಡು ಕಣ್ಣು ಕೊಟ್ಟರು. ಒಂದು ಮುಂದಿನ ಗಾಜಿನ ಮೇಲ್ತುದಿಯ ಕ್ಯಾಮೆರಾ. ಇನ್ನೊಂದು, ನನ್ನ ಮೂಗಿನ ಮೇಲಿರುವ ಕಂಪನಿಯ ಬಿಲ್ಲೆಯ ಹಿಂದೆ ಅಡಗಿ ಕೂತ ರಾಡಾರು. ಎದುರಿಗೆ ಏನಾದರೂ ಅಡ್ಡ ಬಂದರೆ ಇವು ನನಗೆ ಹೇಳುತ್ತವೆ, ನಾನು ಡ್ರೈವರನ್ನು ಕೇಳದೆಯೇ ಬ್ರೇಕು ಹಾಕಿಕೊಳ್ಳುತ್ತೇನೆ. ಪರೀಕ್ಷೆಯ ಅಂಗಳದಲ್ಲಿ ರಟ್ಟಿನ ಮನುಷ್ಯನೊಬ್ಬನನ್ನು ನನ್ನ ಮುಂದೆ ಎಳೆದರು. ಗಕ್ಕನೆ ನಿಂತೆ. ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಯ್ಯೋ, ಆ ಚಪ್ಪಾಳೆ ನನ್ನ ತಲೆಗೇರಿಬಿಟ್ಟಿತು.

ನಾನೇನು ಹೆಮ್ಮೆಯಿಂದ ಈ ಕಥೆ ಹೇಳುತ್ತಿಲ್ಲ. ಒಂದು ತಪ್ಪು ಮಾಡಿದ್ದೇನೆ. ಅದನ್ನು ಒಪ್ಪಿಕೊಳ್ಳಲು ನನಗೆ ಬಾಯಿ ಇರಲಿಲ್ಲ, ನನ್ನ ಪಾಲಿನದನ್ನು ಬೇರೆಯವನೊಬ್ಬ ಒಪ್ಪಿಕೊಂಡ. ಅದನ್ನು ಹೇಳಿದರೆ ಎದೆ ಸ್ವಲ್ಪ ಹಗುರಾದೀತೇನೋ ಅಂತ ಆಸೆ.

ನನ್ನನ್ನು ಕೊಂಡವರು ದಾವಣಗೆರೆಯ ಹಾಲಮ್ಮ. ಅಡುಗೆ ಕಾಂಟ್ರಾಕ್ಟು ಅವರ ಉದ್ಯೋಗ. ಬಸುರಿಯರ ಕುಬುಸ, ನಾಮಕರಣ, ಗೃಹಪ್ರವೇಶ ಯಾವುದಿದ್ದರೂ ಮನೆ ಹಿಂದಿನ ಶೆಡ್ಡಿನಲ್ಲಿ ಅಡುಗೆ ಬೇಯಿಸಿ, ಬಿಸಿ ಆರುವ ಮೊದಲು ಊರೂರಿಗೆ ಮುಟ್ಟಿಸುತ್ತಿದ್ದರು. ಷೋರೂಮಿಗೆ ಅವರ ಜೊತೆ ಡ್ರೈವರ್ ಕೊಟ್ರೇಶಿಯೂ ಬಂದಿದ್ದ. ನಲವತ್ತರ ಆಸುಪಾಸಿನ ತೆಳ್ಳಗಿನ ಆಳು, ಕೈ ಕಟ್ಟಿಕೊಂಡು ಒಂದು ಕಡೆ ನಿಂತಿದ್ದ.

"ಡ್ರೈವರ್ ತಪ್ಪಿದ್ರೂ ಈ ಗಾಡಿ ತಪ್ಪಲ್ಲಮ್ಮ. ಇದಕ್ಕೆ ಕಣ್ಣೈತೆ" ಅಂದ ಮಾರುವವನು.

ಹಾಲಮ್ಮ ತಿರುಗಿ ಕೊಟ್ರೇಶಿಯ ಮುಖ ನೋಡಿದರು. "ಹಂಗಾದ್ರೆ ಇದನ್ನೇ ಕೊಡ್ರಿ" ಅಂದರು.

ಆ ನೋಟದ ಅರ್ಥ ನನಗೆ ಆಮೇಲೆ ತಿಳಿಯಿತು. ಕೊಟ್ರೇಶಿ ಹಿಂದೆ ಕುಡಿಯುತ್ತಿದ್ದನಂತೆ. ಹಳೇ ಗಾಡಿಯನ್ನು ಹಾಡುಹಗಲೇ ಕಾಂಪೌಂಡಿಗೆ ಗುದ್ದಿದ್ದನಂತೆ. ಹಾಲಮ್ಮ ಹೊರಗೆ ಹಾಕಿದಾಗ, ಅವರ ದೊಡ್ಡ ಅಡುಗೆಯವನಾದ ಚನ್ನವೀರಣ್ಣ ಅಡ್ಡ ಬಂದು, "ಇವನ ಹೊಣೆ ನಂದಕ್ಕಾ" ಅಂದಿದ್ದ. ಅವತ್ತೇ ಬಿಟ್ಟ ಕುಡಿತವನ್ನು ಕೊಟ್ರೇಶಿ ನಾಲ್ಕು ವರ್ಷದಿಂದ ಮುಟ್ಟಿರಲಿಲ್ಲ. ಆದರೂ ಹಾಲಮ್ಮನ ಮನಸ್ಸಿನ ಮೂಲೆಯಲ್ಲೊಂದು ಅನುಮಾನ ಉಳಿದಿತ್ತು. ಅದಕ್ಕೇ ನನ್ನನ್ನು ತಂದರು. ನಾನು ಬಂದದ್ದು ಸಾಮಾನು ಹೊರಲು ಮಾತ್ರ ಅಲ್ಲ, ಅವನನ್ನು ಕಾಯಲು.

ಮನೆಗೆ ಬಂದ ದಿನವೇ ಪೂಜೆ. ಹಾಲಮ್ಮ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಅದ್ದಿ, ನನ್ನ ಮೂಗಿನ ಬಿಲ್ಲೆಯ ಮೇಲೆ ಮೂರು ಬೆರಳಿನಲ್ಲಿ ದಪ್ಪಗೆ ಎಳೆದು, ನಡುವೆ ಕುಂಕುಮ ಇಟ್ಟರು. ದೃಷ್ಟಿ ಆಗದಿರಲೆಂದು ನಿಂಬೆಹಣ್ಣು, ಮೆಣಸಿನಕಾಯಿ, ಇದ್ದಿಲನ್ನು ಕಬ್ಬಿಣದ ತಂತಿಗೆ ಪೋಣಿಸಿ ಅದೇ ಬಿಲ್ಲೆಯ ಮುಂದೆ ಇಳಿಬಿಟ್ಟರು. ಸೋಮವಾರ ಸೋಮವಾರ ಇದು ತಪ್ಪದೆ ನಡೆಯಿತು. ಅಷ್ಟು ಅಕ್ಕರೆಯಿಂದ ನನ್ನ ಹಣೆ ಮುಟ್ಟಿದವರು ಬೇರೆ ಯಾರೂ ಇಲ್ಲ. ಆ ಹಣೆಯ ಹಿಂದೆಯೇ ನನ್ನ ಕಣ್ಣಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಶುರುವಿನಲ್ಲಿ ನನ್ನ ಕಾಟ ಸಣ್ಣದಿತ್ತು. ಗುಂಡಿ ತಪ್ಪಿಸಲು ಕೊಟ್ರೇಶಿ ಬಲಕ್ಕೆ ಎಳೆದರೆ ನಾನು ಸ್ಟೇರಿಂಗನ್ನು ಎಡಕ್ಕೆ ಜಗ್ಗುತ್ತಿದ್ದೆ. ರಸ್ತೆಗೆ ಗೆರೆಯೇ ಇಲ್ಲದ ಕಡೆ ಗೆರೆ ದಾಟಿದೆ ಅಂತ ಕೂಗುತ್ತಿದ್ದೆ. ದೂರದಲ್ಲಿ ಎಮ್ಮೆ ಕಂಡರೂ ಕುಂಯ್ ಕುಂಯ್ ಅನ್ನುತ್ತಿದ್ದೆ.

"ಇದು ಗಾಡಿ ಅಲ್ಲಣ್ಣಾ, ನಮ್ಮತ್ತೆ. ಕುಂತ್ರೂ ಬೈತಾಳೆ, ನಿಂತ್ರೂ ಬೈತಾಳೆ" ಎಂದು ಕೊಟ್ರೇಶಿ ನಗುತ್ತಿದ್ದ. ಪಕ್ಕದಲ್ಲಿ ಕೂತ ಚನ್ನವೀರಣ್ಣನೂ ಹೊಟ್ಟೆ ಕುಣಿಸಿ ನಗುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಕಣ್ಣಿರುವ ನನ್ನನ್ನು ಇವರು ಆಡಿಕೊಳ್ಳುವುದೇ ಅಂತ.

ಒಂದು ಸೋಮವಾರ ಬೆಳಿಗ್ಗೆ, ಹಸಿ ವಿಭೂತಿ, ಹೊಸ ತಂತಿ. ಗಾಳಿಗೆ ತಂತಿ ತೂಗಾಡಿತು. ನನ್ನ ಮಂಜುಗಣ್ಣಿಗೆ ಎದುರಿಗೆ ಯಾರೋ ಅಡ್ಡ ಬಂದಂತಾಯಿತು. ಗಕ್ಕನೆ ನಿಂತುಬಿಟ್ಟೆ. ರಸ್ತೆ ಖಾಲಿ. ಹಿಂದೆ ಕೇಸರಿಬಾತಿನ ಪಾತ್ರೆ ಮಗುಚಿ ಹಾಸಿಗೆಯಂತೆ ಹರಡಿತ್ತು.

"ನಾನು ಬ್ರೇಕೇ ಹಾಕ್ಲಿಲ್ಲ ಅಕ್ಕಾರೇ" ಅಂದ ಕೊಟ್ರೇಶಿ.

"ಎದುರಿಗೆ ಏನಾರ ಇದ್ರೆ ಅದು ಹಾಕ್ಕೊಳ್ಳುತ್ತೆ. ಏನೂ ಇಲ್ದೆ ಯಾಕೆ ಹಾಕ್ಕೊಳ್ಳುತ್ತೆ?" ಅಂದರು ಹಾಲಮ್ಮ.

ನನ್ನನ್ನು ಸರ್ವೀಸಿಗೆ ಕಳಿಸಿದರು. ಅಲ್ಲಿ ಮೊದಲ ಕೆಲಸ ನೀರು ಹೊಡೆದು ತೊಳೆಯುವುದು. ವಿಭೂತಿ ಹೋಯಿತು, ತಂತಿ ಕಿತ್ತು ಬಿಸಾಡಿದರು. ಆಮೇಲೆ ಕಂಪ್ಯೂಟರು ಜೋಡಿಸಿ ನೋಡಿ, "ಗಾಡೀಲಿ ಏನೂ ತೊಂದ್ರೆ ಇಲ್ಲ" ಅಂತ ಬರೆದುಕೊಟ್ಟರು. ಇರಲಿಲ್ಲ ತಾನೇ! ಮನೆಗೆ ಬಂದೊಡನೆ ಹಾಲಮ್ಮ, ಗಾಡಿಗೆ ಕೆಟ್ಟ ಕಣ್ಣು ಬಿದ್ದಿದೆ ಎಂದು ಮೊದಲಿಗಿಂತ ದಪ್ಪಗೆ ವಿಭೂತಿ ಎಳೆದರು, ಒಂದಿದ್ದ ನಿಂಬೆಹಣ್ಣು ಮೂರಾಯಿತು. ಮುಂದಿನ ವಾರ ಪಾಯಸ ಚೆಲ್ಲಿತು. ಮತ್ತೆ ಸರ್ವೀಸು, ಮತ್ತೆ ನೀರು, ಮತ್ತೆ ಅದೇ ಚೀಟಿ. ಮತ್ತೆ ಪೂಜೆ.

"ಆ ಕಣ್ಣು ಆರಿಸೋ ಗುಂಡಿ ಐತಂತೆ ಅಕ್ಕಾರೇ. ಆರಿಸಿ ಓಡಿಸ್ಲಾ?" ಎಂದು ಕೊಟ್ರೇಶಿ ಕೇಳಿದ.

"ಅದನ್ನ ಮುಟ್ಟಿದ್ರೆ ನಿನಗೂ ಇಲ್ಲಿ ಕೆಲ್ಸ ಇಲ್ಲ ನೋಡು."

ಚನ್ನವೀರಣ್ಣ, "ಇನ್ಮೇಲೆ ನಾನು ಹಿಂದ್ಗಡೆ ಕುಂತು ಮುಚ್ಚಳ ಹಿಡ್ಕಂತೀನಿ ಬಿಡಕ್ಕಾ" ಎಂದು ಮುಂದಿನ ಸೀಟು ಬಿಟ್ಟು ಪಾತ್ರೆಗಳ ನಡುವೆ ಕೂರತೊಡಗಿದ.

ಅವತ್ತೂ ಸೋಮವಾರ. ಹರಿಹರದ ಆಚೆಯ ಊರೊಂದರಲ್ಲಿ ಕುಬುಸ. ಹನ್ನೊಂದು ಗಂಟೆಯ ಬಿಸಿಲು, ನೇರ ರಸ್ತೆ, ಎದುರಿಗೆ ಒಂದು ನಾಯಿಯೂ ಇಲ್ಲ. ಹಿಂದೆ ದೊಡ್ಡ ಡಬರಿಯ ತುಂಬ ಕುದಿಯುವ ಹೋಳಿಗೆ ಸಾರು, ಅದರ ಮುಚ್ಚಳದ ಮೇಲೆ ಚನ್ನವೀರಣ್ಣನ ಬಲಗೈ. ಕೊಟ್ರೇಶಿ ಮೆಲ್ಲಗೇ ಓಡಿಸುತ್ತಿದ್ದ, ಏನೋ ಗುನುಗುತ್ತಿದ್ದ. ನನಗೆ ಕಂಡಿತು. ಏನು ಕಂಡಿತು ಅಂತ ಇವತ್ತಿಗೂ ಹೇಳಲಾರೆ. ಇದ್ದ ಬಲವನ್ನೆಲ್ಲ ಹಾಕಿ ಬ್ರೇಕು ಹಿಡಿದೆ.

ಹಿಂದಿನಿಂದ ಬಂದ ಕೂಗನ್ನು ನಾನು ಮರೆತಿಲ್ಲ. "ಏನ್ ಮಾಡಿದ್ಯೋ ಕೊಟ್ರೇಶೀ!" ಮೊಣಕೈಯಿಂದ ಬೆರಳ ತುದಿಯವರೆಗೆ ಅವನ ಕೈ ಬೆಂದುಹೋಗಿತ್ತು.

ಆಸ್ಪತ್ರೆಯ ಅಂಗಳಕ್ಕೆ ಹಾಲಮ್ಮ ಓಡಿಬಂದರು. ಕೊಟ್ರೇಶಿ ನನ್ನೊಳಗೇ ಕೂತಿದ್ದ. ಅವರು ಕಿಟಕಿಯಿಂದ ಬಗ್ಗಿ ಅವನ ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದರು. ವಾಸನೆ ಏನೂ ಇರಲಿಲ್ಲ. ಆದರೆ ಮೂಸಿ ನೋಡಿದ್ದೇ ಅವನ ಮುಖವನ್ನು ಕಪ್ಪಾಗಿಸಿತು.

"ಆಣೆ ಮಾಡಿ ಹೇಳ್ತೀನಿ ಅಕ್ಕಾರೇ, ನಾನು ಹಾಕಿಲ್ಲ."

"ನೀನು ಹಾಕ್ಲಿಲ್ಲ, ಗಾಡಿ ಹಾಕ್ಲಿಲ್ಲ ಅಂತ ಬರ್ಕೊಟ್ಟಾರೆ. ಮತ್ತೆ ಯಾರಪ್ಪಾ ಹಾಕಿದ್ದು?"

ನಾನು! ನಾನು ಹಾಕಿದ್ದು! ಹಾರನ್ ಹೊಡೆಯಲೂ ನನಗೆ ಬೇರೆಯವರ ಕೈ ಬೇಕು. ಎಮ್ಮೆ ಕಂಡರೆ ಕೂಗುವ ನಾನು ಅವತ್ತು ಸುಮ್ಮನೆ ನಿಂತಿದ್ದೆ.

ಮೂರು ವಾರ ಕೊಟ್ರೇಶಿ ಅದೊಂದೇ ಮಾತು ಹೇಳಿದ. ಶೆಡ್ಡಿನ ಹೆಂಗಸರು ಅವನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಮತ್ತೆ ಶುರು ಮಾಡ್ಯಾನೆ ಅನ್ನುವ ಪಿಸುಮಾತು ಅವನ ಕಿವಿಗೂ ಬಿತ್ತು. ಮಧ್ಯಾಹ್ನ ಕೆಲಸವಿಲ್ಲದಾಗ ನಿಂತ ನನ್ನೊಳಗೆ ಬಂದು ಕೂತು, ಬ್ರೇಕಿನ ಮೇಲೆ ಕಾಲಿಡುವುದು, ತೆಗೆಯುವುದು, ಆ ಕಾಲನ್ನೇ ದಿಟ್ಟಿಸುವುದು. "ಒತ್ತಿದ್ನಾ? ಗೊತ್ತಿಲ್ದಂಗೆ ಒತ್ತಿಬಿಟ್ನಾ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಒಬ್ಬ ಮನುಷ್ಯ ತನ್ನ ಕಾಲನ್ನೇ ನಂಬದ ಹಾಗೆ ಮಾಡಿದೆನಲ್ಲ, ಇದಕ್ಕಿಂತ ಪಾಪ ಇನ್ನೇನಿದೆ?

ಚನ್ನವೀರಣ್ಣ ಪಟ್ಟಿ ಬಿಚ್ಚಿಸಿಕೊಂಡು ಶೆಡ್ಡಿಗೆ ಬಂದ. ಬೆರಳುಗಳು ಮಡಚುತ್ತಿರಲಿಲ್ಲ. ಕಣಕ ತಟ್ಟಿದರೆ ಕಾಗದದಷ್ಟು ತೆಳ್ಳಗೆ ಹೋಳಿಗೆ ಬರುತ್ತಿದ್ದ ಕೈ ಅದು. ಅಂಗಳದಲ್ಲಿ, ನನ್ನ ಮುಂದೆಯೇ, ಎಲ್ಲರೆದುರು ಅವನು ಹೇಳಿದ: "ಕೊಟ್ರೇಶಿ, ಕೈ ಸುಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲಪ್ಪ. ನಿನ್ನ ಹೊಣೆ ಹೊತ್ತೋನು ನಾನು. ನನ್ನತ್ರಾನೂ ಸುಳ್ಳು ಹೇಳ್ತೀಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತೆ. ಒಂದ್ಸಲ ಹೌದು ಅನ್ನು. ಅಲ್ಲಿಗೆ ಮುಗೀತು."

ಕೊಟ್ರೇಶಿ ಆ ಕೈಯನ್ನು ಬಹಳ ಹೊತ್ತು ನೋಡಿದ.

"ಹೌದಣ್ಣಾ. ಮಂಪರು ಬಂದಿತ್ತು. ಎಚ್ಚರಾಗಿ ಗಾಬ್ರಿಗೆ ಒತ್ತಿಬಿಟ್ಟೆ" ಅಂದ.

ಚನ್ನವೀರಣ್ಣನ ಮುಖ ತಿಳಿಯಾಯಿತು. ಎಡಗೈಯಿಂದ ಅವನ ಹೆಗಲು ತಟ್ಟಿದ. ಶೆಡ್ಡಿಗೆ ಶೆಡ್ಡೇ ಉಸಿರು ಬಿಟ್ಟಂತಾಯಿತು. ಎಲ್ಲರಿಗೂ ಬೇಕಾಗಿದ್ದದ್ದು ಸಿಕ್ಕಿತ್ತು. ಮರುದಿನ ಹಾಲಮ್ಮ ಬೀಗದ ಕೈ ಇಸಿದುಕೊಂಡರು. ಅವನು ತಲೆ ತಗ್ಗಿಸಿ ಹೊರಟುಹೋದ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನು ಎಲ್ಲಿ ಮುಖ ಮುಚ್ಚಿಕೊಳ್ಳಬೇಕಿತ್ತು?

ಹೊಸ ಡ್ರೈವರ್ ತಿಪ್ಪೇಶ ಬಂದ. ಈಗ ಯಾವ ಡ್ರೈವರನ್ನೂ ನಂಬದ ಹಾಲಮ್ಮ ತಾವೇ ಮುಂದೆ ಕೂತು, ದಾರಿಯುದ್ದ ರಸ್ತೆ ಬಿಟ್ಟು ಅವನ ಕಾಲನ್ನೇ ನೋಡುತ್ತಿದ್ದರು. ಎರಡನೇ ಸೋಮವಾರ ನನ್ನ ಹಳೇ ಚಾಳಿ ಮರುಕಳಿಸಿತು. ತಿಪ್ಪೇಶನ ಕಾಲು ಎಕ್ಸಿಲೇಟರಿನ ಮೇಲಿತ್ತು. ಪಕ್ಕದ ಬ್ರೇಕು ತಾನಾಗಿಯೇ ಕೆಳಗಿಳಿದದ್ದನ್ನು ಹಾಲಮ್ಮ ಕಣ್ಣಾರೆ ಕಂಡರು. ಅವರ ಹಣೆ ಮುಂದಕ್ಕೆ ಬಡಿಯಿತು. ನೋವಿಗೆ ಕೂಗಲಿಲ್ಲ. "ಅಯ್ಯೋ ಶಿವನೇ, ಕೊಟ್ರೇಶಿ" ಅಂದರು, ಅಷ್ಟೇ.

ರಸ್ತೆ ಪಕ್ಕದ ಗ್ಯಾರೇಜಿನ ವಯಸ್ಸಾದ ಮೆಕ್ಯಾನಿಕ್ ಒಬ್ಬ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ.

"ಅಮ್ಮಾರೇ, ಇದರ ಕಣ್ಣು ಈ ಬಿಲ್ಲೆ ಹಿಂದೈತೆ. ಅದರ ಮ್ಯಾಲೇ ಹಿಂಗೆ ಮೆತ್ತಿ, ಮುಂದೆ ತಂತಿ ಬೇರೆ ಕಟ್ಟೀರಲ್ಲ!"

"ಸರ್ವೀಸ್ನೋರು ಒಬ್ರೂ ಹೇಳ್ಲಿಲ್ವಲ್ಲಪ್ಪ?"

"ಅವ್ರು ಮೊದ್ಲು ತೊಳೀತಾರೆ, ಆಮೇಲೆ ನೋಡ್ತಾರೆ. ಅವ್ರಿಗೆಲ್ಲಿ ಕಾಣ್ಬೇಕು?"

ಹಾಲಮ್ಮ ಸೆರಗಿನಿಂದ ನನ್ನ ಬಿಲ್ಲೆ ಒರೆಸಿದರು. ತಪ್ಪು ಅವರದಲ್ಲ ಅಂತ ಹೇಳಬೇಕೆನಿಸಿತು. ನನ್ನದು ಮಾತ್ರವೂ ಅಲ್ಲ ಅಂತ ಹೇಳಿಕೊಳ್ಳುವ ಆಸೆಯೂ ಆಯಿತು, ಆ ಆಸೆಗೇ ನಾಚಿಕೆಯಾಯಿತು.

ಅವತ್ತೇ ಚನ್ನವೀರಣ್ಣನನ್ನು ಕರೆದುಕೊಂಡು ಹಾಲಮ್ಮ ಮಂಡಕ್ಕಿ ಭಟ್ಟಿಗೆ ಹೋದರು. ಕೊಟ್ರೇಶಿ ಅಲ್ಲಿ ಮೂಟೆ ಹೊರುತ್ತಿದ್ದ. ಭಟ್ಟಿಯ ಬಾಗಿಲಿಗೇ ನನ್ನನ್ನು ನಿಲ್ಲಿಸಿದ್ದರಿಂದ ಎಲ್ಲ ಕೇಳಿಸಿತು. ಹಾಲಮ್ಮ ನಡೆದದ್ದನ್ನು ಹೇಳಿದರು. ಚನ್ನವೀರಣ್ಣ ಆ ಸೆಟೆದ ಬೆರಳುಗಳಿಂದಲೇ ಅವನ ಕೈ ಹಿಡಿಯಲು ನೋಡಿದ.

ಕೊಟ್ರೇಶಿ ಮೂಟೆ ಇಳಿಸಿ, ಮೈಮೇಲಿನ ಬೂದಿ ಕೊಡವಿಕೊಂಡ.

"ನಿಜ ಹೇಳಿದ್ನಲ್ಲ, ಮೂರು ವಾರ ಒಬ್ರೂ ನಂಬ್ಲಿಲ್ಲ ಅಕ್ಕಾರೇ. ಸುಳ್ಳು ಹೇಳ್ದೆ ನೋಡ್ರಿ, ಒಂದೇ ಮಾತಿಗೆ ಎಲ್ಲಾರೂ ನಂಬಿಬಿಟ್ರಿ."

ಹಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಚನ್ನವೀರಣ್ಣ, "ಬಾರೋ, ನೀನು ಬರೋವರ್ಗೂ ನಾನಿಲ್ಲಿಂದ ಕದಲಲ್ಲ" ಅಂತ ಅಲ್ಲೇ ಮೂಟೆಯ ಮೇಲೆ ಕೂತ. ಸಂಜೆಯವರೆಗೂ ಕೂತಿದ್ದ. ಕೊನೆಗೆ ಕೊಟ್ರೇಶಿ ನನ್ನ ಹತ್ತಿರ ಬಂದ. ಒದೆಯುತ್ತಾನೆ ಅಂದುಕೊಂಡೆ, ಒದ್ದಿದ್ದರೆ ಚೆನ್ನಾಗಿತ್ತು. "ಪಾಪ, ಇದಕ್ಕೇನು ಗೊತ್ತಾಗುತ್ತೆ" ಎಂದು ಬಾನೆಟ್ಟು ತಟ್ಟಿ ಒಳಗೆ ಹತ್ತಿದ. ನನಗೆ ಗೊತ್ತಿತ್ತು, ಎಲ್ಲ ಗೊತ್ತಿತ್ತು.

ಅಂದಿನಿಂದ ಬೀಗದ ಕೈ ತಿರುಗಿಸಿದೊಡನೆ ಅವನು ಮಾಡುತ್ತಿದ್ದ ಮೊದಲ ಕೆಲಸ ಗುಂಡಿ ಒತ್ತಿ ನನ್ನ ಕಣ್ಣು ಆರಿಸುವುದು. ಹಾಲಮ್ಮನೇ ಹೇಳಿದ್ದರು. ವಿಭೂತಿಯ ಜಾಗ ಬಂಪರಿಗೆ ಇಳಿಯಿತು. ಮತ್ತೆಂದೂ ಸಾರು ಚೆಲ್ಲಲಿಲ್ಲ. ಚನ್ನವೀರಣ್ಣ ಸ್ಟೂಲಿನ ಮೇಲೆ ಕೂತು ಬೇರೆಯವರ ಕೈಯಲ್ಲಿ ಹೋಳಿಗೆ ತಟ್ಟಿಸುತ್ತಿದ್ದ. ಎಲ್ಲ ಸರಿಹೋಯಿತು ಅಂತ ಊರವರು ಅಂದರು.

ಸರಿಹೋಗದ್ದು ಒಂದಿತ್ತು. ಕೊಟ್ರೇಶಿಗೊಂದು ಅಭ್ಯಾಸ ಅಂಟಿಕೊಂಡಿತು. ರಸ್ತೆಯ ಉಬ್ಬು ಬರಲಿ, ಕುರಿ ಹಿಂಡು ಬರಲಿ, ಬ್ರೇಕು ಒತ್ತಿದಾಗಲೆಲ್ಲ ಜೋರಾಗಿ ಹೇಳುತ್ತಿದ್ದ: "ನಾನೇ ಹಾಕಿದ್ದು!" ಮೊದಮೊದಲು ಚನ್ನವೀರಣ್ಣ, "ಬಿಡೋ ಮಾರಾಯ, ಯಾರೂ ಕೇಳ್ಲಿಲ್ಲ" ಅನ್ನುತ್ತಿದ್ದ. ಆಮೇಲೆ ಅವನೂ ಸುಮ್ಮನಾದ. ಹಾಲಮ್ಮ ಪಕ್ಕದಲ್ಲಿದ್ದರೆ ಆ ಮಾತು ಕೇಳಿದಾಗಲೆಲ್ಲ ಕಿಟಕಿಯ ಆಚೆ ಮುಖ ತಿರುಗಿಸುತ್ತಿದ್ದರು. ಒಂಬತ್ತು ವರ್ಷ ಓಡಿಸಿದ. ಒಂದು ದಿನವೂ, ಒಂದು ಬ್ರೇಕಿಗೂ ಆ ಮಾತು ತಪ್ಪಲಿಲ್ಲ.

ಈಗ ನನ್ನ ಎಂಜಿನ್ನು ಸುಸ್ತಾಗಿದೆ, ನೆಲ ತುಕ್ಕು ಹಿಡಿದು ತೂತುಬಿದ್ದಿದೆ. ಹೋದ ತಿಂಗಳು ನನ್ನನ್ನು ಶೆಡ್ಡಿನ ಹಿಂದೆ, ಒಡಕು ಪಾತ್ರೆಗಳ ಪಕ್ಕದಲ್ಲಿ ನಿಲ್ಲಿಸಲು ತಂದವನೂ ಅವನೇ. ಚನ್ನವೀರಣ್ಣ ಒಳಗೆ ಒಗ್ಗರಣೆಯ ರುಚಿ ನೋಡುತ್ತಿದ್ದ. ಹಿಂದೆ ಪಾತ್ರೆ ಇಲ್ಲ, ಪಕ್ಕದಲ್ಲಿ ಆಳಿಲ್ಲ. ಗೋಡೆ ಹತ್ತಿರ ಬಂತು. ಕೊಟ್ರೇಶಿ ಮೆಲ್ಲಗೆ ಬ್ರೇಕು ಒತ್ತಿದ, ನಾನು ಮೆಲ್ಲಗೆ ನಿಂತೆ. ಅವನು ಖಾಲಿ ಸೀಟಿನ ಕಡೆ ತಿರುಗಿದ.

"ನಾನೇ ಹಾಕಿದ್ದು" ಅಂದ.

ನನ್ನ ಹೊರತು ಅದನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ.