ಜೆನೋನನ ಶಟರು

೧
ಈ ಕಥೆಯನ್ನು ಬೀಗದಿಂದ ಶುರುಮಾಡಲೋ, ಕೋಳಿಸಾರಿನಿಂದಲೋ? (ಬೀಗದಿಂದ ಶುರುಮಾಡಿದ ಮೂರು ಡ್ರಾಫ್ಟು ಬುಟ್ಟಿಯಲ್ಲಿವೆ. ಮೂರೂ ಭಾಷಣವಾಗಿಬಿಟ್ಟವು.) ಸಾರಿನಿಂದಲೇ ಆಗಲಿ. ಪೋಲೆಂಡಿನ ಆ ಸಣ್ಣ ಊರಿನಲ್ಲಿ ಭಾನುವಾರವೆಂದರೆ ಮನೆಮನೆಯಲ್ಲೂ ಕೋಳಿಸಾರು. ದಿನಸಿ ಅಂಗಡಿಯ ಯಾದ್ವಿಗಾ ಅದನ್ನು ಮನೆಯವರ ಜೊತೆ ಕೂತು ಬಿಸಿಬಿಸಿ ಉಂಡು ಒಂಬತ್ತು ವರ್ಷವಾಯಿತು.

೨
ಕಾರಣ, ಎದುರಂಗಡಿಯ ಜೆನೋನ್. ಅವನು ತೆರೆದಿದ್ದಾನೆಂದು ಇವಳು ತೆರೆಯುತ್ತಾಳೆ, ಇವಳು ತೆರೆದಿದ್ದಾಳೆಂದು ಅವನು. ಊರು ತಿನ್ನುವ ಬ್ರೆಡ್ಡು ಆರು ದಿನ ಮಾರಿದರೂ ಅಷ್ಟೇ, ಏಳು ದಿನ ಮಾರಿದರೂ ಅಷ್ಟೇ. ಆದರೆ ಒಬ್ಬರೇ ಮುಚ್ಚಿದರೆ ಗಿರಾಕಿ ರಸ್ತೆ ದಾಟುತ್ತಾನೆ, ಸೋಮವಾರವೂ ಅಲ್ಲೇ ಉಳಿಯುತ್ತಾನೆ.

ಭಾನುವಾರದ ವ್ಯಾಪಾರ ನಿಷೇಧಿಸಿ ಎಂಬ ಅರ್ಜಿ ಬಂದಾಗ ಮೊದಲ ಸಹಿ ಯಾದ್ವಿಗಾಳದು, ಎರಡನೆಯದು ಜೆನೋನನದು.

"ನಿನ್ನ ಬಾಗಿಲು ಮುಚ್ಚಿಸೋಕೆ ನೀನೇ ಸಹಿ ಹಾಕ್ತೀಯಲ್ಲಮ್ಮಾ!" ಎಂದಳು ಮಗಳು.

"ನನ್ನ ಬಾಗಿಲಲ್ಲ ಕಣೇ, ಅವನದ್ದು. ನಂದು ಜೊತೆಗೆ ಬರುತ್ತೆ, ಅಷ್ಟೆ."

೩
ಕಾನೂನು ಬಂತು. (ಒಮ್ಮೆ ಇಲ್ಲಿಗೇ ಮುಗಿಸಿದ್ದೆ. ನಾಚಿಕೆಯಾಯಿತು.) ಅದರ ಬಾಲದಲ್ಲೊಂದು ವಿನಾಯಿತಿ ಇತ್ತು: ನೌಕರರನ್ನು ದುಡಿಸುವಂತಿಲ್ಲ, ಮಾಲೀಕ ತಾನೇ ನಿಂತು ಮಾರಬಹುದು. ದೊಡ್ಡ ಶಾಪಿಂಗ್ ಮಾಲ್‌ಗಳ ಒಡೆಯರು ಎಂದಾದರೂ ಗಲ್ಲಾದ ಹಿಂದೆ ನಿಂತಿದ್ದುಂಟೇ? ಅವು ಮುಚ್ಚಿದವು, ಸಣ್ಣ ಅಂಗಡಿಗಳಿಗೆ ಮಾತ್ರ ತೆರೆಯುವ ದಾರಿ ಉಳಿಯಿತು. ಮೊದಲಾದರೆ ಯಾದ್ವಿಗಾ ಅಂಗಡಿಯನ್ನು ಕೆಲಸದವಳಿಗೆ ಬಿಟ್ಟು, ಆರಿದ ಸಾರನ್ನಾದರೂ ಕುಡಿಯಲು ಒಂದು ಗಳಿಗೆ ಮನೆಗೆ ಓಡುತ್ತಿದ್ದಳು. ವಿಶ್ರಾಂತಿಯ ಕಾನೂನು ಅದನ್ನೂ ಕಿತ್ತುಕೊಂಡಿತು.

ನಿಷೇಧದ ಮೊದಲ ಭಾನುವಾರ. ಅಂಗಡಿಯ ಪಕ್ಕದ ಮನೆಯಲ್ಲಿ ಅವಳು ಚಮಚ ಎತ್ತಿದ್ದಳು. ಕಿಟಕಿಯಾಚೆ ಜೆನೋನನ ಶಟರು ಏರಿತು. ಚಮಚ ಬಿಟ್ಟು ಓಡಿ ತನ್ನ ಶಟರಿಗೂ ಕೈಹಾಕಿದಳು.

"ಏನಯ್ಯಾ, ಸಹಿ ಹಾಕಿದೋನು ನೀನೇ ಅಲ್ವಾ?"

"ನೀನು ತೆಗೀತೀಯ ಅಂತ ಗೊತ್ತಿತ್ತು ಮಾರಾಯ್ತಿ."

"ನಾನೆಲ್ಲಿ ತೆಗೆದಿದ್ದೆ?"

"ಈಗ ತೆಗೀತಿದೀಯಲ್ಲ!"

೪
ಕೊನೆ ಒಂದು: ಇಬ್ಬರೂ ಕೈಕುಲುಕಿ ಮುಚ್ಚುತ್ತಾರೆ. ಬರೆದು ತೋರಿಸಿದೆ. "ಯಾರ್ರೀ ನಂಬ್ತಾರೆ ಇದನ್ನ?" ಎಂದಳು ಯಾದ್ವಿಗಾ. "ಮೊದಲು ಅವನದ್ದು ಇಳಿಸಿ, ಆಮೇಲೆ ನನ್ನ ಹತ್ರ ಬನ್ನಿ."

ಕೊನೆ ಎರಡು: ಹೋರಾಟ. ರಾಜಧಾನಿಗೆ ಮೆರವಣಿಗೆ. (ನನಗಿಷ್ಟವಾದದ್ದು ಇದೇ.)

"ಯಾವತ್ತು?" ಎಂದಳು.

"ಭಾನುವಾರ."

"ಭಾನುವಾರ ಅಂಗಡಿ ಇದೆ."

೫
ನನಗೂ ಸಾಕಾಗಿದೆ. ಇವತ್ತೂ ಭಾನುವಾರ, ಯಾದ್ವಿಗಾಳ ಮನೆಯಲ್ಲಿ ಸಾರು ಆರುತ್ತಿದೆ. ಮಧ್ಯಾಹ್ನವಾದರೂ ಎರಡೂ ಅಂಗಡಿಗೆ ಒಂದು ನರಪಿಳ್ಳೆಯೂ ಬಂದಿಲ್ಲ. ಯಾದ್ವಿಗಾ ಶಟರು ಕೆಳಗೆಳೆಯುವ ಕೊಕ್ಕೆ ಕೈಗೆತ್ತಿಕೊಂಡಿದ್ದಾಳೆ. ಎದುರಿಗೆ ಜೆನೋನ್ ಕೂಡ ಎತ್ತಿಕೊಂಡಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಇನ್ನೊಂದು ನಿಮಿಷ ಯಾರೂ ಬಾರದಿದ್ದರೆ...

ಬಾಗಿಲ ಗಂಟೆ ಸದ್ದಾಯಿತು.

ಒಳಗೆ ಬಂದವರು ನೀವು. ಹೌದು, ಓದುತ್ತಿರುವ ನೀವೇ. ನಿನ್ನೆ ಬ್ರೆಡ್ಡು ತರಲು ಮರೆತಿದ್ದಿರಂತೆ.

ಅವಳು ಕೊಕ್ಕೆಯನ್ನು ಕೆಳಗಿಟ್ಟಿಲ್ಲ. "ಹೇಳಿ, ಏನು ಬೇಕಿತ್ತು?" ಎನ್ನುತ್ತಿದ್ದಾಳೆ.

ನಿಮ್ಮ ಮಾತನ್ನು ನಾನು ಬರೆದುಕೊಡುವುದಿಲ್ಲ.