ಮೂರನೆಯ ಕಾರ್ಡಿನ ಕನ್ನಡಿ

೧

ಕಾರ್ಡಿನಿಂದ ಶುರು ಮಾಡಲೋ, ಹೆಂಗಸಿನಿಂದಲೋ? ಹೆಂಗಸಿನಿಂದ ಶುರು ಮಾಡಿದರೆ ನೀವು ಅಳಲು ತಯಾರಾಗಿ ಕೂರುತ್ತೀರಿ. ಕಾರ್ಡಿನಿಂದ ಶುರು ಮಾಡಿದರೆ ಅರ್ಧ ಜನ ಎದ್ದು ಹೋಗುತ್ತೀರಿ. ಕಾರ್ಡೇ ಆಗಲಿ. ಹೋಗುವವರು ಹೋಗಿ, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚುವುದಿದ್ದೀತು. (ಇಲ್ಲಿ ಗಲ್ಫಿನಲ್ಲಿ, ಜಿಂಜ್‌ನ ನಮ್ಮನೆಯಲ್ಲಿ ಹೆಚ್ಚಿ ಆಯಿತು. ಬೀನ್ಸ್.)

೨೦೦೭. ಇದೇ ಊರು, ಮಾಹೂಝ್‌ನ ಒಂದು ಫ್ಲ್ಯಾಟು. ಶುಕ್ರವಾರ, ಊಟ ಮುಗಿದಿದೆ. ಧನಂಜಯನಿಗೆ ಸೀಫ್‌ನ ಇಂಟೀರಿಯರ್ ಕಂಪನಿಯಲ್ಲಿ ಕೆಲಸ. ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆ ಓಡಾಡಿಸಿ ತೋರಿಸುತ್ತಾನೆ. ಮಗಳು ಅಪೇಕ್ಷಾ, ಒಂಬತ್ತು ವರ್ಷ. ಗೆಳೆಯ ಕೊಸ್ಮಸ್, ಬಂಟ್ವಾಳದ ಕಡೆಯವ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವ. ಅವನು ಕಂಪ್ಯೂಟರಿಗೆ ಚಿತ್ರ ಬರೆದುಕೊಡುವ ಮೂರು ಹಳೇ ಗ್ರಾಫಿಕ್ಸ್ ಕಾರ್ಡ್ ತಂದು ಟೇಬಲ್ ಮೇಲೆ ಸಾಲಾಗಿ ಇಟ್ಟಿದ್ದಾನೆ.

"ಮೂರು ತಲೆಮಾರು ಉಂಟು ನೋಡು ಮಾರಾಯ. ಅಜ್ಜ, ಅಪ್ಪ, ಮಗ. ಹಾಕಿ ನೋಡಿ ಯಾವುದು ಬೇಕೋ ಇಟ್ಕೋ."

"ಅಮ್ಮ ಇಲ್ವಾ ಅಂಕಲ್?" ಎಂದಳು ಅಪೇಕ್ಷಾ.

ಕೊಸ್ಮಸ್ ಕಾರ್ಡುಗಳ ಸಾಲು ಸರಿಮಾಡತೊಡಗಿದ. (ನಿಮಗೆ ಗೊತ್ತಾಯಿತಲ್ಲ. ಹೌದು. ಅಮ್ಮ ವೇದಾ ತೀರಿಹೋಗಿ ಎರಡು ವರ್ಷ.)

೧, ಇನ್ನೊಂದು ಸಲ

ಮೊದಲ ಡ್ರಾಫ್ಟಿನಲ್ಲಿ ವೇದಾ ಇದ್ದಳು. ತಂಗಿಯ ಮದುವೆಗೆಂದು ತುಮಕೂರಿಗೆ ಹೋಗಿದ್ದಳು, ಅಷ್ಟೇ. ಆದರೆ ಮದುವೆಗೆ ಹೋದ ಹೆಂಡತಿಯಿಂದ ಕಥೆ ಮುಂದೆ ಸಾಗಲಿಲ್ಲ. ನನಗೆ ನಿದ್ದೆ ಬರುತ್ತಿತ್ತು. ಡ್ರಾಫ್ಟ್ ಅಳಿಸಿ, ಒಂದೇ ವಾಕ್ಯದಲ್ಲಿ ಅವಳನ್ನು ಮುಗಿಸಿ ಮಲಗಿದೆ.

೨

ಕಾರ್ಡುಗಳನ್ನು ಹೋಲಿಸಬೇಕಾದರೆ ಎಲ್ಲದಕ್ಕೂ ಒಂದೇ ದೃಶ್ಯ ತೋರಿಸಬೇಕು. ಧನಂಜಯನ ಬಳಿ ಇದ್ದದ್ದು ಈ ಫ್ಲ್ಯಾಟಿನದೇ ಕಂಪ್ಯೂಟರ್ ದೃಶ್ಯ. ಬಾಡಿಗೆಗೆ ಹಿಡಿಯುವ ಮೊದಲು, "ಅಡುಗೆಮನೆ ನನ್ನ ಎತ್ತರಕ್ಕೆ ಸರಿಯಾಗುತ್ತಾ ತೋರಿಸಿ, ಆಮೇಲೆ ಹೂಂ ಅಂತೀನಿ" ಎಂದಿದ್ದಳು ವೇದಾ. ಅವನ ಕಸುಬಿನಲ್ಲಿ ಅಳತೆ ತಿಳಿಯಲೆಂದು ಮನೆಯೊಳಗೆ ಒಂದು ಬೊಂಬೆ ನಿಲ್ಲಿಸುವುದು ರೂಢಿ. ಅವನು ವೇದಾಳ ಅಳತೆಯದೇ ನಿಲ್ಲಿಸಿದ: ಐದಡಿ ಎರಡಿಂಚು. ಅಳತೆಯ ಬೊಂಬೆಗೆ ಮುಖ ಮಾಡುವ ಪದ್ಧತಿ ಇಲ್ಲ.

ಕೆಲಸ ಮುಗಿದ ಮೇಲೆ ಅದನ್ನು ಅಳಿಸದೆ ಅಡಗಿಸಿಟ್ಟ. ಅಡಗಿಸುವುದಕ್ಕೆ ಕಣ್ಣಿಗೊಂದು ಸ್ವಿಚ್ಚು, ನೆರಳಿಗೊಂದು, ಕನ್ನಡಿಗೊಂದು. ಅವನು ಆರಿಸಿದ್ದು ಕಣ್ಣಿನದು ಮಾತ್ರ; ನೆರಳು, ಕನ್ನಡಿಯ ಬಿಂಬ ಹಾಗೇ ಉಳಿದವು. (ಈ ಕಸುಬಿನವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು.)

ಮೊದಲ ಕಾರ್ಡು, ೧೯೯೯ರದು. ಗೋಡೆಗಳು ರಟ್ಟಿನಂತೆ. ದೂರದ್ದನ್ನು ಬರೆಯುವ ತಾಕತ್ತಿಲ್ಲದ್ದಕ್ಕೆ ಪ್ಯಾಸೇಜಿನ ಕೊನೆಗೆ ಮಂಜು ಕವಿಸಿ ಕೈತೊಳೆದುಕೊಂಡಿತ್ತು. ಅಡುಗೆಮನೆಗೆ ನೇರ ಎದುರಿನ ಮಲಗುವ ಕೋಣೆಯ ಕನ್ನಡಿ ಬರೀ ಬೂದು ಹಲಗೆ.

"ಯಾರೋ ನಮ್ಮನೆಗೆ ಹೊಗೆ ಹಾಕಿದಾರೆ. ಮೂವತ್ತು ಮಾರ್ಕ್ಸ್," ಎಂದಳು ಅಪೇಕ್ಷಾ.

ಎರಡನೆಯದು, ೨೦೦೨ರದು. ಮಂಜು ಹೋಯಿತು. ಪ್ಯಾಸೇಜಿನ ಕೊನೆಗೆ ಅಡುಗೆಮನೆ ಕಂಡಿತು. ಕಟ್ಟೆಯ ಮುಂದೆ, ನೆಲದ ಮೇಲೆ, ಒಂದು ನೆರಳು. ನಿಂತವರು ಯಾರೂ ಇಲ್ಲ.

"ಎಂತದು ಅದು? ಕಾರ್ಡು ಬಿಸಿಯಾಗಿ ಮಂಗಾಟ ಮಾಡ್ತದೆ," ಎಂದ ಕೊಸ್ಮಸ್.

"ಬಿಸಿಯಲ್ಲ ಕಣೋ. ಅದು ವೇದಾ ಅಳತೆ." ಅಂದ ಮೇಲೆ ಧನಂಜಯ ನಾಲಿಗೆ ಕಚ್ಚಿಕೊಂಡ.

ಅಪೇಕ್ಷಾ ಮಾನಿಟರಿನ ಹತ್ತಿರ ಹೋದಳು. "ಮೂರನೇ ಕಾರ್ಡಲ್ಲಿ ಮಿರರ್ ವರ್ಕ್ ಆಗುತ್ತಾ ಅಂಕಲ್?"

"ಆಗ್ತದೆ."

"ಹಂಗಾದ್ರೆ ಅಮ್ಮ ಕಾಣ್ತಾಳೆ. ನಂಗೆ ಫೋಟೋದಲ್ಲಿರೋ ಫೇಸ್ ಮಾತ್ರ ನೆನಪಿದೆ ಅಪ್ಪಾ. ನಿಜವಾದ್ದು ಮರ್ತೋಗ್ತಿದೆ. ಹಾಕು."

೪

(೩ ಇತ್ತು. ಕಾರ್ಡುಗಳ ಫ್ಯಾನು, ವಿದ್ಯುತ್ತು, ಮೆಮೊರಿ ಕುರಿತ ಪಾಂಡಿತ್ಯ. ಓದುತ್ತ ನನಗೇ ಆಕಳಿಕೆ ಬಂತು, ತೆಗೆದೆ.)

ಇಲ್ಲಿ ಧನಂಜಯ ನನ್ನ ಕಡೆ, ಬರೆಯುತ್ತಿರುವವಳ ಕಡೆ, ತಿರುಗಿದ.

"ಮೇಡಂ, ಸಾಕು ಮಾಡಿ. ಆ ಬೊಂಬೆಗೆ ಮುಖ ಇಲ್ಲ. ಒಂದು ಸಲ ನೋಡಿದ್ರೆ ಇವಳಿಗೆ ಅಮ್ಮ ಅಂದ್ರೆ ಅದೇ ನೆನಪಾಗೋದು, ಜೀವನ ಪೂರ್ತಿ. ನಿಮಗೂ ಮಗಳಿದಾಳಲ್ಲ."

"ಎರಡು ಕಾರ್ಡ್ ಹಾಕಿ ಮೂರನೇದು ಬಿಟ್ರೆ ಓದುಗರು ಸುಮ್ನಿರ್ತಾರೇನ್ರೀ?"

"ಹಂಗಾದ್ರೆ ನೀವೇ ಮುಖ ಕೊಡಿ. ವೇದಾ ಹೇಗಿದ್ಲು ಅಂತ ಇಲ್ಲೀವರೆಗೆ ಒಂದು ಸಾಲಾದ್ರೂ ಬರ್ದಿದೀರಾ?"

ಮೇಲೆ ಹೋಗಿ ಹುಡುಕಿದೆ. ನೀವೂ ಹುಡುಕಿ. ಎತ್ತರ ಮಾತ್ರ ಇದೆ.

ಅಂತ್ಯ ಅ

ಕಾರ್ಡು ಸುಟ್ಟುಹೋಗಿದೆ ಎಂದು ಧನಂಜಯ ಸುಳ್ಳು ಹೇಳುತ್ತಾನೆ. ಅಪೇಕ್ಷಾ ನಂಬುತ್ತಾಳೆ. (ಒಂಬತ್ತು ವರ್ಷದವರು ನಂಬುವುದಿಲ್ಲ. ಮನೆಯಲ್ಲಿ ಪ್ರಯೋಗ ಮಾಡಿ ನೋಡಿದ್ದೇನೆ.)

ಅಂತ್ಯ ಆ

ಮಗಳನ್ನು ನೀರು ತರಲು ಕಳಿಸಿ, ಧನಂಜಯ ಬೊಂಬೆಯನ್ನು ಅಳಿಸುತ್ತಾನೆ. ಮೂರನೆಯ ಕಾರ್ಡು ಹಾಕುತ್ತಾನೆ. ಕನ್ನಡಿಯಲ್ಲಿ ಮಂಚ, ಪರದೆ, ಖಾಲಿ ಕೋಣೆ. "ತೊಂಬತ್ತೈದು," ಎನ್ನುತ್ತಾಳೆ ಅಪೇಕ್ಷಾ. ಐದು ಯಾಕೆ ಕಟ್ ಎಂದು ಕೇಳುವ ಧೈರ್ಯ ಅಪ್ಪನಿಗಿಲ್ಲ.

ಇದು ನನಗೆ ಹಿಡಿಸಿತು. ಉಳಿಸಿ ಮಲಗಿದೆ. ಮರುದಿನ ತೆರೆದಾಗ ಕೊನೆಗೆ ಇನ್ನೊಂದು ವಾಕ್ಯವಿತ್ತು: ಅಡುಗೆಮನೆಯ ಕಟ್ಟೆಯ ಮುಂದೆ ನೆರಳು ಹಾಗೇ ಇತ್ತು.

ನಾನು ಬರೆದ ನೆನಪಿಲ್ಲ. ಅಳಿಸಿದೆ. ಮತ್ತೆ ತೆರೆದಾಗ ಮತ್ತೆ ಇತ್ತು. ಆ ಮೊದಲ ಡ್ರಾಫ್ಟನ್ನು ಅಳಿಸುವಾಗ ನಾನೂ ಒಂದೇ ಸ್ವಿಚ್ಚು ಆರಿಸಿದ್ದೆನೋ ಏನೋ.

ಅಂತ್ಯ

ಬೊಂಬೆಯನ್ನು ಅಳಿಸಿಲ್ಲ. ಮೂರನೆಯ ಕಾರ್ಡು ಕೂತಿದೆ. ಧನಂಜಯ ತಡೆಯುವುದರೊಳಗೆ ಅಪೇಕ್ಷಾ ಎಂಟರ್ ಒತ್ತಿದ್ದಾಳೆ. ದೃಶ್ಯ ತಾನಾಗಿ ನಡೆಯುತ್ತದೆ, ವೇದಾಳ ಕಣ್ಣಿನ ಎತ್ತರದಲ್ಲಿ. ಅಡುಗೆಮನೆ ದಾಟಿತು. ಕಟ್ಟೆಯ ಮುಂದೆ ಈಗ ನೆರಳಿಲ್ಲ, ಅಲ್ಲಿ ನಿಂತಿದ್ದವಳೇ ಹೊರಟು ಬಂದಂತೆ. ಪ್ಯಾಸೇಜು. ಮಲಗುವ ಕೋಣೆಯ ಬಾಗಿಲು.

"ಆಂಟಿ," ಎಂದಳು ಅಪೇಕ್ಷಾ. ಕೋಣೆಯಲ್ಲಿ ಯಾವ ಆಂಟಿಯೂ ಇಲ್ಲ; ಕರೆದದ್ದು ನನ್ನನ್ನು. "ಅಮ್ಮಂಗೆ ಮಚ್ಚೆ ಎಲ್ಲಿತ್ತು? ಬೇಗ ಹೇಳಿ ಆಂಟಿ, ಮಿರರ್ ಬಂತು."

ಇಷ್ಟು ಹೇಳಬಲ್ಲೆ. ಐದಡಿ ಎರಡಿಂಚು ಎಂದು ಬರೆಯುವಾಗ ಬೇರೆ ಅಳತೆ ಹೊಳೆಯದೆ, ನಮ್ಮನೆ ಗೋಡೆಗೆ ನಾನೇ ಒರಗಿ ನಿಂತಿದ್ದೆ. ನನಗೊಂದು ಮಚ್ಚೆ ಇದೆ. ಎಲ್ಲಿದೆ ಎಂದು ಬರೆದುಬಿಟ್ಟರೆ ಮಗುವಿಗೆ ಒಂದು ಮುಖ ಸಿಗುತ್ತದೆ. ಆಮೇಲೆ ಆ ಮುಖ ಯಾರದು, ನನ್ನ ಮಗಳು ಬೆಳಿಗ್ಗೆ ಎದ್ದು ಯಾವುದನ್ನು ನೋಡುತ್ತಾಳೆ, ಗೊತ್ತಿಲ್ಲ.

ಆದ್ದರಿಂದ ನಿಲ್ಲಿಸಿದ್ದೇನೆ, ಬಾಗಿಲಲ್ಲೇ, ಕನ್ನಡಿಗೆ ಒಂದು ಹೆಜ್ಜೆ ಮೊದಲು. ಅಪೇಕ್ಷಾ ಕೇಳುತ್ತಲೇ ಇದ್ದಾಳೆ. ನಾನು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದೇನೆ. ಇಲ್ಲಿಂದ ನಮ್ಮ ಅಡುಗೆಮನೆ ಕಾಣುತ್ತದೆ. ಕಟ್ಟೆಯ ಮುಂದೆ, ಆಗ ನಿಂತು ಬೀನ್ಸ್ ಹೆಚ್ಚಿದ ಜಾಗದಲ್ಲಿ, ನನ್ನ ನೆರಳಿದೆ.