ಮಿಶ್ರಿ ಡಬ್ಬಿ

ಬಾಯೊಳಗೆ ರಬ್ಬರಿನ ರುಚಿ, ಥೂ, ಹೊಸ ಚಪ್ಪಲಿ ನೆಕ್ಕಿದ ಹಾಗೆ — ಡಾಕ್ಟರಮ್ಮನ ಕೈಗವಸಿನ ಬೆರಳು ಕೆನ್ನೆಯ ಒಳಗೆಲ್ಲ ತಡಕಾಡುತ್ತಿದೆ, ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಕೂಡ ಸುಂದರಬಾಯಿಯ ಬಾಯಿಯನ್ನು ಇಷ್ಟು ಹತ್ತಿರದಿಂದ ನೋಡಿದವನಲ್ಲ, ಈ ಹುಡುಗಿ ನೋಡುತ್ತಿದ್ದಾಳೆ, ಕಣ್ಣು ಕುಕ್ಕುವ ದೀಪ ಹಚ್ಚಿ, ಪುಟ್ಟ ಕನ್ನಡಿ ತೂರಿಸಿ, ನಾಲಿಗಿ ಎತ್ರಿ ಅಮ್ಮಾ, ಬಿಳಿ ಕಲಿ ಏನರ ಅದಾವೇನು ನೋಡ್ತೇನ್ರಿ. ಆಮೇಲೆ ಒಸಡಿಗೆ ಸಣ್ಣ ಕಡ್ಡಿ ಇಳಿಸಿ ಮೂರು, ನಾಲ್ಕು, ಐದು ಎಂದು ಆಳ ಎಣಿಸುತ್ತಾಳೆ, ಪಕ್ಕದ ನರ್ಸು ಬರೆದುಕೊಳ್ಳುತ್ತಾಳೆ, ಹೇಸಿಗೆ, ಬರೆದಿಡುವಂಥದ್ದೇ ಇದು? ಮಗಳು ಸುಜಾತಾ ಬಾಗಿಲ ಹತ್ತಿರ ಸ್ಟೂಲಿನ ಮೇಲೆ, ಬೀದರಿಗೆ ಬಂದು ಹೋಗವ್ವಾ, ಬರೇ ಕ್ಲೀನಿಂಗ್, ಅರ್ಧ ತಾಸಿನ ಕೆಲಸ, ಆರು ತಿಂಗಳಿಗೊಮ್ಮಿ ಎಲ್ಲಾರೂ ಮಾಡಸ್ತಾರ ಎಂದು ಫೋನಿನಲ್ಲಿ ಗಂಟುಬಿದ್ದವಳು. ಡಾಕ್ಟರರ ಮುಂದೆ ಹೊಲಸು ಬಾಯಿ ತೆರೆಯುವುದು ಹೇಗೆ ಅಂತ ತಾನು ತೊಳೆದುಕೊಂಡೇ ಬಂದದ್ದು, ಅಲ್ಲೇ ಎಡವಟ್ಟಾಯಿತು — ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಬಂದು, ಬೀದರ್ ಬಸ್ಸು ಬರುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ನಳದ ಹತ್ತಿರ ಕೂತು ಮಿಶ್ರಿ ಹಚ್ಚಿ ಗಸಗಸ ತಿಕ್ಕಿದಳು, ಮುಂಜಾನೆ ಒಮ್ಮೆ ತಿಕ್ಕಿದ್ದು ಸಾಲದೆಂಬಂತೆ, ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಆ ಪುಡಿ, ಬಾಯಿ ಸ್ವಚ್ಛ ಮಾಡುವುದೆಂದರೆ ಅತ್ತೆ ಕಲಿಸಿದ್ದು ಅದೊಂದೇ. ಬಿಟ್ಟೇನಿ ಅಂತ ಮಗಳಿಗೆ ಆಣೆ ಮಾಡಿ ವರ್ಷವಾಯಿತು, ಒಂದು ಮುಂಜಾನೆಯೂ ಬಿಟ್ಟಿಲ್ಲ, ಬಿಟ್ಟರೆ ಹೊಟ್ಟೆ ಸಾಫಾಗುವುದಿಲ್ಲ. ಆ ಡಬ್ಬಿ ಮನಿಯಾಗ ಇದ್ರ ಪಿಂಕಿನ್ನ ಬ್ಯಾಸಗಿ ಸೂಟಿಗಿ ಕಳಸಂಗಿಲ್ಲವ್ವಾ, ನಿನ್ನ ಮೊಮ್ಮಗಳಾದ್ರೂ ಕಳಸಂಗಿಲ್ಲ, ಆಣೆಯ ದಿನ ಸುಜಾತಾ ಅಂದದ್ದು. ಡಬ್ಬಿ ಈಗ ಸೊಂಟದಲ್ಲಿದೆ, ಸೀರೆಯ ಗಂಟಿನೊಳಗೆ, ಕುರ್ಚಿಯಲ್ಲಿ ಮಲಗಿದ್ದಕ್ಕೆ ಒತ್ತುತ್ತಿದೆ.

ಕಿರ್ರ್ — ಮಷೀನು ಹಲ್ಲಿಗೆ ತಾಗಿದ್ದೇ ನೆತ್ತಿಯವರೆಗೆ ಜುಮ್ಮೆಂದಿತು, ನೀರು ಚಿಮ್ಮುತ್ತಿದೆ, ತುಟಿಯ ಮೂಲೆಗೆ ಸಿಕ್ಕಿಸಿದ ನಳಿಗೆ ಸೊರಸೊರ ಎಂಜಲು ಹೀರುತ್ತಿದೆ, ತನ್ನದೇ ಎಂಜಲು. ಉಗುಳ್ರಿ ಅಮ್ಮಾ. ಬಟ್ಟಲಿಗೆ ಬಿದ್ದದ್ದು ಕರಿ ನೀರು, ರಕ್ತದ ಎಳೆ, ಅದರೊಳಗೆ ಒಂದು ಚೂರು, ಅಯ್ಯ ಹಲ್ಲೇ ಮುರೀತಲ್ಲ. ಹಲ್ಲಲ್ರಿ, ಹಲ್ಲಿಗಿ ಹತ್ತಿದ ಕಿಟ್ಟರಿ, ಇಷ್ಟು ವರ್ಷದ್ದು. ಹಂಡೆಯ ತಳದ ಕಿಟ್ಟದಂತೆಯೇ ಇದೆ, ಇದನ್ನು ಬಾಯಲ್ಲಿಟ್ಟುಕೊಂಡೇ ರೊಟ್ಟಿ ತಿಂದಿದ್ದಾಳೆ, ಲಿಂಗದ ಮುಂದೆ ಕೂತಿದ್ದಾಳೆ, ಕೂಸಿನ ಕೆನ್ನೆಗೆ ಮುತ್ತಿಟ್ಟಿದ್ದಾಳೆ. ಕರಿ ನೀರು ಸುತ್ತಿ ಸುತ್ತಿ ತೂತಿಗಿಳಿಯುತ್ತದೆ, ಅದನ್ನು ನೋಡಬಾರದು, ನೋಡಿದರೆ ಬೆರಳು ಕಾಣುತ್ತದೆ, ಪುಟ್ಟ ಬೆರಳು, ಬೇಡ — ಕಂಡೇಬಿಟ್ಟಿತು. ದೀಪಾವಳಿಗೆ ಸುಜಾತಾ ಬಿಟ್ಟುಹೋಗಿದ್ದ ನಾಲ್ಕು ವರ್ಷದ ಪಿಂಕಿ, ಬಚ್ಚಲ ಕಟ್ಟೆಯ ಮೇಲೆ ಥೇಟು ತನ್ನಂತೆಯೇ ಕುಕ್ಕರಗಾಲಲ್ಲಿ ಕೂತು, ತೊಡೆಯ ಮೇಲೆ ಡಬ್ಬಿ, ತೋರುಬೆರಳು ಉಗುರಿನ ತನಕ ಕರ್ರಗೆ, ಹಾಲುಹಲ್ಲಿನ ಮೇಲೆ ಆಚೆ ಈಚೆ, ಆಯಿ, ನಂದೂ ನಿನ್ನಂಗ ಆಯ್ತೇನು? ನಕ್ಕಳು, ಹಲ್ಲೆಲ್ಲ ಕಪ್ಪು. ಆಮೇಲೆ ತಲೆ ತಿರುಗಿ ಸಂಜೆತನಕ ವಾಂತಿ. ತಾನು ಸೆರಗಿನಿಂದ ಆ ಬೆರಳು ಒರೆಸಿದಳು, ನಿಮ್ಮವ್ವಗ ಹೇಳಬ್ಯಾಡ ನನ ಬಂಗಾರ, ಕೂಸು ಗೋಣು ಆಡಿಸಿತು. ಹೋಳಿಗಿ ಜಾಸ್ತಿ ತಿಂದಾಳ ಅಂತ ಫೋನಿನಲ್ಲಿ ಮಗಳಿಗೆ ಹೇಳಿದ್ದೂ ಇದೇ ಬಾಯಿ, ಥೂ.

ಆಯ್ತ್ರಿ, ಈಗ ಪಾಲಿಶ್ — ಅರಿಶಿನದ ಬಟ್ಟಲಷ್ಟೂ ಇಲ್ಲದ ಒಂದು ಬ್ರಶ್ಶು ಗಿರಗಿರ, ಪೆಪ್ಪರಮೆಂಟಿನ ವಾಸನೆ, ನಾಲಗೆಗೆ ಹಲ್ಲು ನುಣ್ಣಗೆ ತಾಗುತ್ತಿದೆ, ಯಾರದೋ ಹಲ್ಲಿನಂತೆ. ಕ್ಯಾನ್ಸರ್ ಆಗೋ ಬಿಳಿ ಕಲಿ ಏನೂ ಇಲ್ರಿ, ನಿಮ್ಮ ನಸೀಬು ಛಲೋ ಅದ, ಮೂರು ತಿಂಗಳಿಗಿ ಮತ್ತ ತೋರಸ್ರಿ. ಮಾಸ್ಕಿನ ಮೇಲಿನ ಕಣ್ಣು ಸಣ್ಣದಾಗುತ್ತದೆ, ಅಮ್ಮಾ, ಇವತ್ತೂ ಮಿಶ್ರಿ ಹಚ್ಚೀರೇನ್ರಿ? ಸ್ಟೂಲು ಕಿರುಗುಟ್ಟಿತು. ಇಲ್ಲ ಅನ್ನಬಹುದು, ಹಳೇದು ಅನ್ನಬಹುದು, ಹಾಗಂದುಬಿಟ್ಟರೆ ಸೂಟಿಗೆ ಪಿಂಕಿ ಬರುತ್ತಾಳೆ, ಬಂದರೆ ಡಬ್ಬಿ ಹುಡುಕುತ್ತಾಳೆ. ಸುಂದರಬಾಯಿ ಸೊಂಟದ ಗಂಟು ಬಿಚ್ಚಿ ಡಬ್ಬಿ ತೆಗೆದು ಹತಾರಗಳ ತಟ್ಟೆಯಲ್ಲಿಟ್ಟಳು. ಹಚ್ಚೀನ್ರಿ, ಬಿಟ್ಟೇ ಇಲ್ರಿ. ಮಗಳು ಬೈಯುತ್ತಾಳೆ, ಬೈಯಲಿ — ಬೈಯಲಿಲ್ಲ, ಹತ್ತಿರ ಬಂದು ಗಲ್ಲ ಒರೆಸಿದಳು. ಹೋಗ್ಲಿ ಬಿಡವ್ವಾ, ಖರೇ ಹೇಳಿದಿ, ಅಷ್ಟು ಸಾಕು, ಸೂಟಿಗಿ ಕೂಸಿನ್ನ ಕಳಸ್ತೇನಿ. ಒಂದೇ ಹೇಳು, ಪಿಂಕಿ ಇದನ್ನ ನೋಡಿಲ್ಲಲ್ಲ? ಬಾಯಿ ತೆರೆದಿದೆ, ನಳಿಗೆಯಿಲ್ಲ, ಬೆರಳಿಲ್ಲ, ಮಾತಿಗೆ ಅಡ್ಡ ಏನೂ ಇಲ್ಲ, ತೊಳೆದ ಬಾಯಿ, ಹೇಳಬೇಕು, ಕಟ್ಟೆ, ಡಬ್ಬಿ, ಹಾಲುಹಲ್ಲು, ಆ ಬೆರಳು, ಉಗುರಿನ ತನಕ ಕರ್ರಗೆ, ಆ ಪುಟ್ಟ ಬೆರಳು —